ಅನ್ಯಲೋಕದ ಭೂದೃಶ್ಯ ಚಿತ್ರವನ್ನು ಓದುವ ಕ್ರಮ: ಮೊದಲು ಬೆಳಕು, ಆಮೇಲೆ ಅರ್ಥ

ಆಕಾಶದ ಕಾಲುಭಾಗ ತುಂಬಿದ ಬಳೆಗಳ ಗ್ರಹ, ಕೆಳಗೆ ಹಿಮ ಹೊದ್ದ ಬಂಡೆಗಳು, ಅಂಚಿನಲ್ಲೊಬ್ಬ ಪುಟ್ಟ ಮನುಷ್ಯ. ಇಂಥ ಚಿತ್ರ ಕಂಡ ಕೂಡಲೇ ಒಂಟಿತನ, ಅನಂತತೆ, ಮನುಷ್ಯನ ಅಲ್ಪತೆ ಎಂಬ ಮಾತುಗಳು ಬಾಯಿಗೆ ಬಂದುಬಿಡುತ್ತವೆ. ಅವನ್ನು ಅರ್ಧ ಗಂಟೆ ತಡೆದಿಡಿ. ಯಾವ ಚಿತ್ರಕ್ಕೂ ಹೊಂದುವ ಮಾತು ಯಾವ ಚಿತ್ರದ ವ್ಯಾಖ್ಯಾನವೂ ಆಗುವುದಿಲ್ಲ. ವೈಜ್ಞಾನಿಕ ಕಲ್ಪನೆಯ ಭೂದೃಶ್ಯಕ್ಕೆ ಬೇರೆ ಭೂದೃಶ್ಯಗಳಿಗಿಲ್ಲದ ಒಂದು ಅನುಕೂಲವಿದೆ: ಅದರಲ್ಲಿ ಕಾಣುವುದನ್ನು ಭೌತಶಾಸ್ತ್ರದ ಎದುರು ನಿಲ್ಲಿಸಿ ಅಳೆಯಬಹುದು. ಅಳತೆಗೆ ಹೊಂದದ ಜಾಗ ಸಿಕ್ಕಾಗ, ಅದು ಕಲಾವಿದನ ಕಾಲಕ್ಕೆ ಗೊತ್ತಿರದ ಸಂಗತಿಯೇ, ಗೊತ್ತಿದ್ದೂ ಬದಲಿಸಿದ್ದೇ, ಗಮನ ತಪ್ಪಿದ್ದೇ ಎಂದು ಕೇಳಿಕೊಳ್ಳಬೇಕು. ಚಿತ್ರದ ಅರ್ಥ ಬಹುಪಾಲು ಗೊತ್ತಿದ್ದೂ ಬದಲಿಸಿದ ಜಾಗದಲ್ಲೇ ಇರುತ್ತದೆ.

ಅಭ್ಯಾಸಕ್ಕೆ ಅಮೆರಿಕದ ಚಿತ್ರಕಾರ ಚೆಸ್ಲಿ ಬೋನ್‌ಸ್ಟೆಲ್ ಅವರ 'ಟೈಟಾನ್‌ನಿಂದ ಕಂಡ ಶನಿ' ಚಿತ್ರವನ್ನು ಇಟ್ಟುಕೊಳ್ಳೋಣ. 1944ರ ಮೇ 29ರ 'ಲೈಫ್' ಪತ್ರಿಕೆಯಲ್ಲಿ ಅದು ಅಚ್ಚಾಯಿತು. ಟೈಟಾನ್ ಎಂದರೆ ಶನಿಯ ಒಂದು ಉಪಗ್ರಹ. ಜೊತೆಗೆ ನಾಸಾದ ಏಮ್ಸ್ ಕೇಂದ್ರಕ್ಕಾಗಿ 1970ರ ದಶಕದಲ್ಲಿ ಡಾನ್ ಡೇವಿಸ್ ಮತ್ತು ರಿಕ್ ಗೈಡಿಸ್ ಬಿಡಿಸಿದ ಬಾಹ್ಯಾಕಾಶ ವಸಾಹತುಗಳ ಚಿತ್ರಗಳು. ಮೊದಲನೆಯದು ಗ್ರಹಗಳ ಲೋಕಕ್ಕೆ ಸೇರಿದ್ದು, ಎರಡನೆಯವು ಮನುಷ್ಯ ಕಟ್ಟಿದ ನೆಲದ್ದು. ಈ ಪ್ರಕಾರದ ಹೆಚ್ಚಿನ ಚಿತ್ರಗಳು ಇವೆರಡರಲ್ಲಿ ಒಂದಕ್ಕೆ ಹತ್ತಿರವಿರುತ್ತವೆ.

ಸಾಮಗ್ರಿ ಹೆಚ್ಚೇನೂ ಬೇಡ. ಚಿತ್ರದ ಎರಡು ಎ4 ಪ್ರಿಂಟ್ ತೆಗೆಯಿರಿ, ಒಂದು ಬಣ್ಣದ್ದು, ಒಂದು ಕಪ್ಪುಬಿಳುಪು. ಚಿತ್ರದ ಅಗಲ ಸರಿಯಾಗಿ 20 ಸೆ.ಮೀ. ಬರುವಂತೆ ನೋಡಿಕೊಂಡರೆ ಮುಂದಿನ ಲೆಕ್ಕ ಸುಲಭ. ಅಡಿಪಟ್ಟಿ, ಗಟ್ಟಿ ಪೆನ್ಸಿಲ್, ಟ್ರೇಸಿಂಗ್ ಕಾಗದ, ಕೋನಮಾಪಕ ಇರಲಿ. ಅಂಚು ಕತ್ತರಿಸಿದ ಪ್ರತಿಯನ್ನು ಬಳಸಲೇಬೇಡಿ. ಪುಸ್ತಕದ ಮುಖಪುಟಕ್ಕೆ, ಫೋನಿನ ವಾಲ್‌ಪೇಪರಿಗೆ ಹೊಂದಿಸಿದ ಪ್ರತಿಗಳಲ್ಲಿ ಬದಿಯ ಬಂಡೆಗಳೋ ಮೇಲಿನ ಆಕಾಶವೋ ಹೋಗಿರುತ್ತದೆ. ಆಗ ಚೌಕಟ್ಟಿನ ಬಗ್ಗೆ ಹೇಳುವುದೆಲ್ಲ ತಪ್ಪಾಗುತ್ತದೆ. ಪ್ರತಿಯಿಂದ ಪ್ರತಿಗೆ ಬಣ್ಣವೂ ಬಹಳ ಬದಲಾಗುವುದರಿಂದ ಕನಿಷ್ಠ ಮೂರು ಪ್ರತಿಗಳನ್ನು ಪಕ್ಕಪಕ್ಕ ಇಟ್ಟು ನೋಡದೆ ಬಣ್ಣದ ಬಗ್ಗೆ ತೀರ್ಮಾನ ಬರೆಯಬಾರದು.

ಬೆಳಕು ಎಲ್ಲಿಂದ ಬರುತ್ತಿದೆ?

ಕಪ್ಪುಬಿಳುಪು ಪ್ರಿಂಟ್ ಮೇಲೆ ಟ್ರೇಸಿಂಗ್ ಕಾಗದ ಹಾಕಿ ದಿಗಂತದ ಗೆರೆ ಎಳೆಯಿರಿ. ಬೆಟ್ಟಗಳು ಅದನ್ನು ಮರೆಮಾಡಿದ್ದರೆ ಬಯಲಿನ ದೂರದ ಅಂಚಿನಿಂದ ಅಂದಾಜಿಸಿ. ಆಮೇಲೆ ನೆರಳು ಬಿದ್ದಿರುವ ಐದಾರು ವಸ್ತುಗಳನ್ನು ಆರಿಸಿ, ಪ್ರತಿಯೊಂದರ ತುದಿಯಿಂದ ಅದರ ನೆರಳಿನ ತುದಿಗೆ ಗೆರೆ ಎಳೆಯಿರಿ. ಸೂರ್ಯ ನೋಡುಗನ ಎದುರಿಗಿದ್ದರೆ ಈ ಗೆರೆಗಳನ್ನು ಮೇಲಕ್ಕೆ ಚಾಚಿದಾಗ ಒಂದೇ ಬಿಂದುವಿನಲ್ಲಿ ಕೂಡಬೇಕು. ಅಲ್ಲಿ ಸೂರ್ಯನಿರುತ್ತಾನೆ, ಚೌಕಟ್ಟಿನ ಹೊರಗಾದರೂ ಸರಿ. ನೆಲದ ಮೇಲಿನ ನೆರಳುಗಳನ್ನಷ್ಟೇ ಹಿಂದಕ್ಕೆ ಚಾಚಿದರೆ ಅವು ದಿಗಂತದಲ್ಲಿ, ಸೂರ್ಯನ ನೇರ ಕೆಳಗೆ ಸೇರಬೇಕು. ನೆಲ ಏರುಪೇರಾಗಿದ್ದರೆ ಗೆರೆಗಳು ಒಂದಿಷ್ಟು ಚದರುವುದು ಸಹಜ. ಎರಡು ಸ್ಪಷ್ಟ ಗುಂಪುಗಳಾಗಿ ಒಡೆದರೆ ಎರಡು ಬೆಳಕುಗಳಿವೆ, ಇಲ್ಲವೇ ಎರಡು ಬೇರೆ ಆಕರಗಳಿಂದ ತಂದು ಸೇರಿಸಿದ ಚಿತ್ರವದು. ಆಕಾಶದಲ್ಲಿ ಎರಡು ಸೂರ್ಯರಿದ್ದೂ ಪ್ರತಿ ಬಂಡೆಗೆ ಒಂದೇ ನೆರಳಿದ್ದರೆ ಎರಡನೆಯ ಸೂರ್ಯ ಬರಿಯ ಅಲಂಕಾರ ಎಂದು ಧೈರ್ಯವಾಗಿ ಬರೆದುಕೊಳ್ಳಿ.

ನೆರಳಿನ ಉದ್ದ ಸೂರ್ಯನ ಎತ್ತರವನ್ನು ಹೇಳುತ್ತದೆ. ವಸ್ತುವಿನಷ್ಟೇ ಉದ್ದದ ನೆರಳೆಂದರೆ ಸೂರ್ಯ 45 ಡಿಗ್ರಿ ಮೇಲಿದ್ದಾನೆ. ಎರಡೂವರೆ ಪಟ್ಟಾದರೆ ಸುಮಾರು 22 ಡಿಗ್ರಿ. ಐದೂಮುಕ್ಕಾಲು ಪಟ್ಟಾದರೆ 10 ಡಿಗ್ರಿ. ಚಂದ್ರನ ಚಿತ್ರವಾದರೆ ಹೋಲಿಸಿ ನೋಡಲು ಒಳ್ಳೆಯ ಆಕರ ನಮ್ಮ ಹತ್ತಿರವೇ ಇದೆ. 2023ರ ಆಗಸ್ಟ್ 23ರಂದು ಚಂದ್ರಯಾನ-3 ಇಳಿದ ಜಾಗ ಸುಮಾರು 69 ಡಿಗ್ರಿ ದಕ್ಷಿಣ ಅಕ್ಷಾಂಶದಲ್ಲಿದೆ. ಅಲ್ಲಿ ಸೂರ್ಯ 22 ಡಿಗ್ರಿಗಿಂತ ಮೇಲೇರುವುದೇ ಇಲ್ಲ, ಆದ್ದರಿಂದ ಸಮತಟ್ಟಾದ ನೆಲದ ಮೇಲೆ ನೆರಳು ಯಾವಾಗಲೂ ಎತ್ತರದ ಎರಡೂವರೆ ಪಟ್ಟಿಗೆ ಕಡಿಮೆಯಾಗದು. ಇಸ್ರೋ ಬಿಡುಗಡೆ ಮಾಡಿದ ವಿಕ್ರಮ್ ಮತ್ತು ಪ್ರಗ್ಯಾನ್ ಚಿತ್ರಗಳನ್ನು ಪಕ್ಕದಲ್ಲಿಟ್ಟುಕೊಳ್ಳಿ. ಹಗಲಲ್ಲೂ ಕಪ್ಪಾದ ಆಕಾಶ, ಅದರಲ್ಲಿ ನಕ್ಷತ್ರವಿಲ್ಲದಿರುವುದು, ನೆರಳಿನ ಗಡುಸಾದ ಅಂಚು ಎಲ್ಲವೂ ಅವುಗಳಲ್ಲಿವೆ. ಬೆಳಗಿದ ನೆಲಕ್ಕೆ ಹೊಂದಿಸಿದ ಕ್ಯಾಮೆರಾಕ್ಕೆ ನಕ್ಷತ್ರ ಸಿಗುವುದಿಲ್ಲ. ಕಲಾವಿದ ಅಲ್ಲಿ ನಕ್ಷತ್ರ ಚೆಲ್ಲಿದ್ದರೆ ಅದು ಅವನ ಆಯ್ಕೆ.

ಇನ್ನು ಆಕಾಶದ ಗ್ರಹ. ಬಿದಿಗೆ ಚಂದ್ರ ಕಾಣುವುದು ಸಂಜೆ ಪಡುವಣದಲ್ಲಿ, ಸೂರ್ಯ ಮುಳುಗಿದ ಕಡೆಯಲ್ಲೇ. ಹುಣ್ಣಿಮೆಯ ಚಂದ್ರ ಏಳುವುದು ಸೂರ್ಯನಿಗೆ ಎದುರು ದಿಕ್ಕಿನಲ್ಲಿ. ಯಾವ ಲೋಕಕ್ಕೆ ಹೋದರೂ ಈ ನಿಯಮ ಬದಲಾಗುವುದಿಲ್ಲ. ಬಿದಿಗೆಯಾಕಾರದ ಗ್ರಹದ ಎರಡು ಕೊಂಬಿನ ತುದಿಗಳನ್ನು ಗೆರೆಯಿಂದ ಸೇರಿಸಿ, ಅದರ ನಡುವಿನಿಂದ ಬೆಳಗಿದ ಕಡೆಗೆ ಲಂಬ ಎಳೆಯಿರಿ. ಸೂರ್ಯ ಆ ದಿಕ್ಕಿನಲ್ಲಿರಬೇಕು. ಗ್ರಹ ಬಿದಿಗೆಯಂತೆ ಸಣ್ಣಗಿದ್ದರೆ ಸೂರ್ಯ ಅದರ ಹತ್ತಿರವೇ, ಅಂದರೆ ನೋಡುಗನ ಎದುರಿಗೇ ಇದ್ದಾನೆ. ಮುನ್ನೆಲೆಯ ಬಂಡೆಗಳ ನಮ್ಮ ಕಡೆಯ ಮುಖ ಕತ್ತಲಲ್ಲಿರಬೇಕು. ಈ ಪ್ರಕಾರದ ಚಿತ್ರಗಳಲ್ಲಿ ಅತಿ ಹೆಚ್ಚು ತಪ್ಪುವ ಜಾಗ ಇದೇ. ಮೇಲೆ ಸಣ್ಣ ಬಿದಿಗೆ, ಕೆಳಗೆ ಎದುರಿನಿಂದ ಬೆಳಕು ಬಿದ್ದ ಹೊಳೆಯುವ ಬಂಡೆ. ಗ್ರಹದ ಕತ್ತಲ ಭಾಗದೊಳಗೆ ನಕ್ಷತ್ರ ಇಟ್ಟಿದ್ದರೆ ಅದು ಗಮನ ತಪ್ಪಿದ್ದು, ಅದರಲ್ಲಿ ಅರ್ಥ ಹುಡುಕಬೇಡಿ.

ಅಗಲವನ್ನು ಡಿಗ್ರಿಯಲ್ಲಿ ಅಳೆಯಿರಿ

ಈ ಹಂತವನ್ನು ಹಲವರು ಬಿಟ್ಟುಬಿಡುತ್ತಾರೆ. ಚಿತ್ರದ ಬಗ್ಗೆ ಅತಿ ಹೆಚ್ಚು ಹೇಳುವ ಹಂತವೂ ಇದೇ ಎಂದು ನಮ್ಮ ಅನಿಸಿಕೆ. ಶನಿಯ ವ್ಯಾಸ ಸುಮಾರು 1,20,500 ಕಿ.ಮೀ.; ಟೈಟಾನ್ ಅದರಿಂದ ಸರಾಸರಿ 12,22,000 ಕಿ.ಮೀ. ದೂರ. ವ್ಯಾಸವನ್ನು ದೂರದಿಂದ ಭಾಗಿಸಿ 57.3ರಿಂದ ಗುಣಿಸಿದರೆ ಸುಮಾರು 5.7 ಡಿಗ್ರಿ ಬರುತ್ತದೆ. ನಮ್ಮ ಚಂದ್ರ ಅರ್ಧ ಡಿಗ್ರಿ. ಅಂದರೆ ಟೈಟಾನ್ ಆಕಾಶದಲ್ಲಿ ಶನಿ ನಮ್ಮ ಚಂದ್ರನ ಸುಮಾರು 11 ಪಟ್ಟು ಅಗಲ. ಚಾಚಿದ ಕೈಯ ಮುಷ್ಟಿ ಸುಮಾರು 10 ಡಿಗ್ರಿ ಮುಚ್ಚುತ್ತದೆ, ಶನಿಯ ಬಿಂಬ ಅರ್ಧ ಮುಷ್ಟಿಗಿಂತ ಸ್ವಲ್ಪ ಹೆಚ್ಚು. ದೊಡ್ಡದೇ, ಆದರೆ ಆಕಾಶ ತುಂಬುವಷ್ಟಲ್ಲ.

ಈಗ ಪ್ರಿಂಟ್‌ನಲ್ಲಿ ಶನಿಯ ಬಿಂಬದ ಅಗಲ ಅಳೆಯಿರಿ, ಬಳೆ ಬಿಟ್ಟು. ಬಿದಿಗೆಯಾಗಿದ್ದರೆ ಕೊಂಬಿನಿಂದ ಕೊಂಬಿಗೆ ಅಳೆಯಿರಿ, ಅದೇ ವ್ಯಾಸ. ಅದು 2 ಸೆ.ಮೀ. ಇದ್ದರೆ 20 ಸೆ.ಮೀ. ಚಿತ್ರದ ಒಟ್ಟು ನೋಟ 57 ಡಿಗ್ರಿ. ಬಯಲಲ್ಲಿ ನಿಂತವನು ತಲೆ ತಿರುಗಿಸದೆ ನೋಡುವಂಥ ಅಗಲ. ಬಿಂಬ 8 ಸೆ.ಮೀ. ಇದ್ದರೆ ಒಟ್ಟು ನೋಟ ಬರೀ 14 ಡಿಗ್ರಿ. ಆಗ ಚಿತ್ರಕಾರ ನಮ್ಮ ಕೈಗೆ ದುರ್ಬೀನು ಕೊಟ್ಟಿದ್ದಾನೆ ಎಂದು ಅರ್ಥ, ಕಾಣುವ ಬಂಡೆಗಳೆಲ್ಲ ನಮ್ಮಿಂದ ದೂರದಲ್ಲಿವೆ. ಇದನ್ನು ಕಂಡುಕೊಂಡ ಮೇಲೆ ಕಾಲಬುಡದ ಕಲ್ಲುಗಳನ್ನು ನೋಡಿ. ನೆಲ ನಮ್ಮ ಕಾಲಡಿಯಿಂದಲೇ ಶುರುವಾಗುವಂತೆ ಬಿಡಿಸಿದ್ದು, ಗ್ರಹ ಮಾತ್ರ ದುರ್ಬೀನಿನ ಅಳತೆಯಲ್ಲಿದ್ದರೆ ಎರಡು ನೋಟಗಳನ್ನು ಬೆಸೆಯಲಾಗಿದೆ. ಗ್ರಹವನ್ನು ಎಷ್ಟು ಪಟ್ಟು ಹಿಗ್ಗಿಸಿದ್ದಾರೆ ಎಂಬ ಸಂಖ್ಯೆಯನ್ನು ಬರೆದಿಡಿ. ಆ ಕಲಾವಿದ ಬೆರಗನ್ನು ಎಷ್ಟು ಹೆಚ್ಚಿಸಬಯಸಿದ ಎನ್ನುವುದಕ್ಕೆ ಅದಕ್ಕಿಂತ ನೇರವಾದ ಸಾಕ್ಷಿ ಇಲ್ಲ.

ಕಲ್ಪಿತ ಗ್ರಹವಾದರೆ ಲೆಕ್ಕವನ್ನು ತಿರುಗಿಸಿ. ಮನುಷ್ಯರು, ಕಟ್ಟಡಗಳು ಇರುವ ಸಾಧಾರಣ ಭೂದೃಶ್ಯವನ್ನು 60 ಡಿಗ್ರಿ ಎಂದುಕೊಳ್ಳಿ. ಗ್ರಹ ಅದರ ಅರ್ಧ ಅಗಲವಿದ್ದರೆ 30 ಡಿಗ್ರಿ. ನೋಡುಗ ಆ ಗ್ರಹದ ಕೇಂದ್ರದಿಂದ ಅದರ ವ್ಯಾಸದ ಎರಡು ಪಟ್ಟಿಗೂ ಕಡಿಮೆ ದೂರದಲ್ಲಿದ್ದಾನೆ. ಅಸಾಧ್ಯವೇನಲ್ಲ. ಮಂಗಳದ ಪುಟ್ಟ ಚಂದ್ರ ಫೋಬೋಸ್ ಮೇಲೆ ನಿಂತರೆ ಮಂಗಳ 42 ಡಿಗ್ರಿ ಅಗಲ ಕಾಣುತ್ತದೆ. ಆದರೆ ಫೋಬೋಸ್ ಕೆಲವೇ ಹತ್ತು ಕಿ.ಮೀ. ಗಾತ್ರದ ಬಂಡೆ. ಅಷ್ಟು ಹತ್ತಿರದಲ್ಲಿ ಸಮುದ್ರ, ಕಾಡು, ಗಾಳಿ ಇರುವ ದೊಡ್ಡ ಲೋಕವನ್ನು ಇಟ್ಟರೆ ಉಬ್ಬರವಿಳಿತದ ಎಳೆತ ಅದರ ನೆಲವನ್ನೇ ಕಲಕುತ್ತದೆ. ಇಷ್ಟು ಹತ್ತಿರದ ಉಪಗ್ರಹ ಸಾಮಾನ್ಯವಾಗಿ ಗ್ರಹಕ್ಕೆ ಒಂದೇ ಮುಖ ತೋರುತ್ತದೆ ಎಂಬುದನ್ನೂ ನೆನಪಿಡಿ. ಅಲ್ಲಿ ಗ್ರಹ ಹುಟ್ಟುವುದೂ ಇಲ್ಲ, ಮುಳುಗುವುದೂ ಇಲ್ಲ, ಆಕಾಶದ ಒಂದೇ ಜಾಗದಲ್ಲಿ ತೂಗಿ ನಿಂತು ಬಿದಿಗೆಯಿಂದ ಹುಣ್ಣಿಮೆಗೆ ಎಂಬಂತೆ ಆಕಾರ ಬದಲಿಸುತ್ತಿರುತ್ತದೆ. 'ಗ್ರಹೋದಯ' ಎಂಬ ಶೀರ್ಷಿಕೆಯ ಎಷ್ಟೋ ಚಿತ್ರಗಳು ಇಲ್ಲಿ ಎಡವುತ್ತವೆ.

ಬಳೆಗಳ ಓರೆಯೂ ಅಳತೆಗೆ ಸಿಗುತ್ತದೆ. ಟೈಟಾನ್ ಬಹುಮಟ್ಟಿಗೆ ಬಳೆಗಳ ಸಮತಲದಲ್ಲೇ ಸುತ್ತುವುದರಿಂದ ಅಲ್ಲಿಂದ ಬಳೆ ತೆಳುವಾದ ಗೆರೆಯಾಗಿ ಕಾಣಲೇಬೇಕು. ಬೋನ್‌ಸ್ಟೆಲ್ ಹಾಗೆಯೇ ಬಿಡಿಸಿದ್ದಾರೆ. ಅಗಲವಾಗಿ ತೆರೆದ ಬಳೆ ಹೆಚ್ಚು ಚೆಂದ ಕಾಣುತ್ತಿತ್ತು ಎಂಬುದು ಅವರಿಗೂ ಗೊತ್ತಿದ್ದಿರಬೇಕು. ಆ ಸಂಯಮವನ್ನು ಗುರುತಿಸಿ ಬರೆಯಿರಿ: ಚೆಂದಕ್ಕಿಂತ ನಿಜಕ್ಕೆ ಮಣಿದ ಜಾಗವೂ ಕಲಾವಿದನ ಬಗ್ಗೆ ಅಷ್ಟೇ ಹೇಳುತ್ತದೆ. ತೆರೆದ ಬಳೆ ನೋಡಬೇಕಾದರೆ ಕಕ್ಷೆ ಓರೆಯಾಗಿರುವ ಇಯಾಪೆಟಸ್‌ನಂಥ ಉಪಗ್ರಹಕ್ಕೆ ಹೋಗಬೇಕು.

ಗಾಳಿ ಇದೆಯೇ?

ನಡುನೆಲೆಯ ಬೆಟ್ಟ, ದೂರದ ಬೆಟ್ಟ ಎರಡನ್ನೂ ಕಪ್ಪುಬಿಳುಪು ಪ್ರಿಂಟ್‌ನಲ್ಲಿ ಹೋಲಿಸಿ. ಮುಳ್ಳಯ್ಯನಗಿರಿಯ ಮೇಲೆ ನಿಂತರೆ ಹಿಂದಿನ ಸಾಲುಗಳು ಒಂದಕ್ಕಿಂತ ಒಂದು ನೀಲಿಯಾಗಿ, ತೆಳುವಾಗಿ ಹೋಗುತ್ತವೆ. ನಡುವಿನ ಗಾಳಿ ಬೆಳಕನ್ನು ಚದುರಿಸುವುದರಿಂದ ಹಾಗಾಗುತ್ತದೆ. ಚಿತ್ರದಲ್ಲಿ ಹೀಗೆ ತೆಳುವಾಗುತ್ತ ಹೋಗಿದ್ದರೆ ಆ ಲೋಕದಲ್ಲಿ ವಾತಾವರಣವಿದೆ. ಚಂದ್ರನ ಮೇಲೆ ಹತ್ತು ಕಿ.ಮೀ. ಆಚೆಯ ಬೆಟ್ಟವೂ ನೂರು ಮೀಟರ್ ಆಚೆಯ ಕಲ್ಲಿನಷ್ಟೇ ಚೂಪಾಗಿ ಕಾಣುತ್ತದೆ. 1971ರಲ್ಲಿ ಅಪೋಲೊ 14ರ ಶೆಪರ್ಡ್ ಮತ್ತು ಮಿಚೆಲ್ ಕೋನ್ ಕುಳಿಯ ಅಂಚನ್ನು ಹುಡುಕುತ್ತ, ಸುಮಾರು 30 ಮೀಟರ್ ಸಮೀಪ ಬಂದೂ ಅದನ್ನು ಕಾಣದೆ ಹಿಂದಿರುಗಿದರು. ದೂರ ತಿಳಿಸುವ ಮಂಜಿಲ್ಲ, ಮರವಿಲ್ಲ, ಮನೆಯಿಲ್ಲ. ನಿಜವಾದ ಚಂದ್ರನ ದೃಶ್ಯ ಚಿತ್ರವಾಗಿ ಚಪ್ಪಟೆಯಾಗಿಬಿಡುತ್ತದೆ, ಹಾಗಾಗಿ ಕಲಾವಿದರು ದೂರದ ಬೆಟ್ಟಕ್ಕೆ ಕದ್ದುಮುಚ್ಚಿ ಒಂದಿಷ್ಟು ಮಂಜು ಸೇರಿಸುತ್ತಾರೆ. ಅದು ಗೊತ್ತಿದ್ದೂ ಮಾಡಿದ ಬದಲಾವಣೆ, ಆಳವನ್ನು ತೋರಿಸಲು ತೆತ್ತ ಬೆಲೆ. ಚಂದ್ರ ಚಿಕ್ಕದಾದ್ದರಿಂದ ದಿಗಂತವೂ ಹತ್ತಿರ: 1.7 ಮೀಟರ್ ಎತ್ತರದ ಕಣ್ಣಿಗೆ ಭೂಮಿಯಲ್ಲಿ 4.7 ಕಿ.ಮೀ., ಚಂದ್ರನಲ್ಲಿ 2.4 ಕಿ.ಮೀ.

ಚಿತ್ರದ ಕಾಲ, ಚಿತ್ರಿಸಿದ ಕಾಲ

ಭವಿಷ್ಯದ ಚಿತ್ರದ ಮೇಲೆ ಅದು ಹುಟ್ಟಿದ ವರ್ಷದ ಮುದ್ರೆ ಇರುತ್ತದೆ. ಶುಕ್ರದಲ್ಲಿ ಜೌಗುಕಾಡು ಇದ್ದರೆ ಅದು 1962ಕ್ಕಿಂತ ಹಿಂದಿನದಿರಬಹುದು, ಆ ವರ್ಷ ಅಮೆರಿಕದ ನೌಕೆ ಮ್ಯಾರಿನರ್ 2 ಅಲ್ಲಿನ ಸುಡುಶಾಖವನ್ನು ಖಚಿತಪಡಿಸಿತು. ಮಂಗಳದಲ್ಲಿ ಕಾಲುವೆಗಳಿದ್ದರೆ 1965ರ ಮ್ಯಾರಿನರ್ 4ಕ್ಕಿಂತ ಹಿಂದಿನದು. ಮಂಗಳದ ಹಗಲಿನ ಆಕಾಶ ನೀಲಿಯಿದ್ದರೆ 1976ಕ್ಕೆ ಮೊದಲಿನದು. ವೈಕಿಂಗ್ 1 ಇಳಿದಾಗ ಮೊದಲು ಹೊರಬಿದ್ದ ಬಣ್ಣದ ಚಿತ್ರದಲ್ಲೂ ಆಕಾಶ ನೀಲಿಯಾಗಿತ್ತು, ಆಮೇಲೆ ತಿದ್ದಿದಾಗ ಕೆಂಪುಹಳದಿಯೆಂದು ತಿಳಿಯಿತು. ಇದಕ್ಕೆ ವಿನಾಯಿತಿ ಇದೆ: ಹಳೆಯ ಮಾದರಿಯ ಮೇಲಿನ ಪ್ರೀತಿಯಿಂದ ಇಂದಿಗೂ ಕಾಲುವೆ ಬಿಡಿಸುವವರಿದ್ದಾರೆ. ವಾಹನ, ಉಡುಪು, ಅಕ್ಷರಗಳ ಶೈಲಿ ನೋಡಿ ಅದನ್ನು ಬೇರ್ಪಡಿಸಬೇಕು.

ಟೈಟಾನ್ ಚಿತ್ರದ ನೀಲಿ ಆಕಾಶವನ್ನು ಹೀಗೆ ಓದಬೇಕು. ಟೈಟಾನ್‌ಗೆ ವಾತಾವರಣವಿದೆ, ಅದರಲ್ಲಿ ಮೀಥೇನ್ ಇದೆ ಎಂದು ಖಗೋಳವಿಜ್ಞಾನಿ ಜೆರಾರ್ಡ್ ಕೈಪರ್ ಪ್ರಕಟಿಸಿದ್ದೂ 1944ರಲ್ಲೇ. ಗಾಳಿ ಇರುವಲ್ಲಿ ಆಕಾಶ ನೀಲಿಯಿರುವುದು ಆ ಹೊತ್ತಿನ ನ್ಯಾಯವಾದ ಊಹೆ. 1980ರಲ್ಲಿ ವಾಯೇಜರ್ 1 ಹಾದುಹೋದಾಗ ಕಂಡದ್ದು ದಟ್ಟವಾದ ಕಿತ್ತಳೆ ಮುಸುಕು. 2005ರ ಜನವರಿ 14ರಂದು ಹ್ಯೂಗೆನ್ಸ್ ಇಳಿದಾಗ ಕಂಡದ್ದು ಮಬ್ಬು ಬೆಳಕಿನ ಬಯಲು, ಉರುಟಾದ ಹಿಮಗಲ್ಲುಗಳು. ಆ ನೆಲದಲ್ಲಿ ನಿಂತ ಕಣ್ಣಿಗೆ ಶನಿ ಕಾಣುವುದೇ ಇಲ್ಲ. ಇದನ್ನು ಬೋನ್‌ಸ್ಟೆಲ್ ಮಾಡಿದ ತಪ್ಪು ಎಂದು ಬರೆಯುವುದು ಓದಲ್ಲ. ಇದು ಆ ಕಾಲಕ್ಕೆ ಗೊತ್ತಿರದ ಸಂಗತಿಯ ಗುಂಪಿಗೆ ಸೇರಿದ್ದು.

ಅವರ ಚಂದ್ರನ ಬೆಟ್ಟಗಳ ಮಾತು ಬೇರೆ. ಅವು ಮೊನಚು ಮೊನಚು. ಅಪೋಲೊ ಯಾತ್ರಿಕರು ಕಂಡದ್ದು ಉರುಟಾದ ಗುಡ್ಡಗಳು, ಕೋಟ್ಯಂತರ ವರ್ಷಗಳ ಸಣ್ಣ ಸಣ್ಣ ಉಲ್ಕೆಗಳ ಹೊಡೆತಕ್ಕೆ ಸವೆದವು. ಇದು 1969ಕ್ಕೆ ಮೊದಲು ತಿಳಿಯಲಾಗದ್ದೇನೂ ಆಗಿರಲಿಲ್ಲ. ಫ್ರಾನ್ಸಿನ ಕಲಾವಿದ, ಖಗೋಳವೀಕ್ಷಕ ಲೂಸಿಯನ್ ರುಡೋ 1930ರ ದಶಕದಲ್ಲೇ ಉರುಟು ಬೆಟ್ಟಗಳನ್ನು ಬಿಡಿಸಿದ್ದರು, ದೂರದರ್ಶಕದಲ್ಲಿ ಚಂದ್ರಬಿಂಬದ ಅಂಚನ್ನು ಗಮನಿಸಿ ನೋಡಿದ್ದರಿಂದ. ಬಿಂಬದ ನಡುವೆ, ಹಗಲು-ಇರುಳಿನ ಗಡಿಯಲ್ಲಿ ನೋಡಿದರೆ ಉದ್ದನೆಯ ನೆರಳುಗಳಿಂದ ಬೆಟ್ಟಗಳು ಚೂಪಾಗಿ ತೋರುತ್ತವೆ; ಅಂಚಿನಲ್ಲಿ ಬದಿಯಿಂದ ಕಂಡಾಗ ನಿಜವಾದ ಆಕಾರ ತಿಳಿಯುತ್ತದೆ. ಮೊನಚು ಶಿಖರದ ಆಯ್ಕೆಯಲ್ಲಿ ಬೋನ್‌ಸ್ಟೆಲ್ ಅವರ ಹಿನ್ನೆಲೆಯೂ ಕೆಲಸ ಮಾಡಿದೆ. ಅವರು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹುಟ್ಟಿದವರು, ವಾಸ್ತುಶಿಲ್ಪ ಓದಿದವರು, ಹಾಲಿವುಡ್‌ನಲ್ಲಿ ಚಲನಚಿತ್ರಗಳ ಹಿನ್ನೆಲೆ ದೃಶ್ಯಗಳನ್ನು ಬಿಡಿಸಿದವರು. ಬದಿಗಳಲ್ಲಿ ಎತ್ತರದ ಬಂಡೆ, ನಡುವೆ ತೆರೆದ ನೋಟ ಎಂಬ ಜೋಡಣೆ ರಂಗಸಜ್ಜಿಕೆಯದು, ಹಾಗೆಯೇ 19ನೇ ಶತಮಾನದ ಅಮೆರಿಕದ ಪರ್ವತಚಿತ್ರಗಳದ್ದು.

ಮನುಷ್ಯ ಕಟ್ಟಿದ ನೆಲ

ವಸಾಹತುಗಳ ಒಳದೃಶ್ಯ ಮೊದಲ ನೋಟಕ್ಕೆ ತಲೆ ತಿರುಗಿಸುತ್ತದೆ: ನೆಲ ಮೇಲಕ್ಕೆ ಬಾಗಿರುತ್ತದೆ, ನೆತ್ತಿಯ ಮೇಲೆ ಊರಿರುತ್ತದೆ. ಮೊದಲು ಆಕಾರ ಗುರುತಿಸಿ. ನೆಲ ಮುಂದೆ ಏರುತ್ತ ಹೋಗಿ ಛಾವಣಿಯ ಹಿಂದೆ ಮರೆಯಾದರೆ ಅದು ಚಕ್ರ, ಅಂದರೆ ನಾಸಾದ 1975ರ ಬೇಸಿಗೆ ಅಧ್ಯಯನದ ಸ್ಟ್ಯಾನ್‌ಫರ್ಡ್ ಟೋರಸ್ ಮಾದರಿ. ನೆಲ ಎಡಬಲಕ್ಕೆ ಏರಿ, ಮುಂದೆ ನೇರವಾಗಿ ಚಾಚಿದ್ದರೆ ಉರುಳೆ. ಪ್ರಿನ್ಸ್‌ಟನ್‌ನ ಭೌತವಿಜ್ಞಾನಿ ಜೆರಾರ್ಡ್ ಓನೀಲ್ ಕಲ್ಪಿಸಿದ್ದು, ಸುಮಾರು 8 ಕಿ.ಮೀ. ವ್ಯಾಸ, 32 ಕಿ.ಮೀ. ಉದ್ದ, ಮೂರು ಪಟ್ಟಿ ನೆಲ, ನಡುವೆ ಮೂರು ಪಟ್ಟಿ ಕಿಟಕಿ. ಎಲ್ಲ ದಿಕ್ಕಿಗೂ ಏರಿದರೆ ಗೋಳ.

ತೂಕ ಬರುವುದು ತಿರುಗುವಿಕೆಯಿಂದ. ತ್ರಿಜ್ಯವನ್ನು ಮೀಟರ್‌ನಲ್ಲಿ ಹಿಡಿದು, ಅದರ ವರ್ಗಮೂಲವನ್ನು ಎರಡರಿಂದ ಗುಣಿಸಿದರೆ ಭೂಮಿಯಷ್ಟೇ ತೂಕಕ್ಕೆ ಒಂದು ಸುತ್ತಿಗೆ ಬೇಕಾದ ಸೆಕೆಂಡುಗಳು ಸಿಗುತ್ತವೆ. ಟೋರಸ್‌ನ ತ್ರಿಜ್ಯ ಸುಮಾರು 900 ಮೀಟರ್: 60 ಸೆಕೆಂಡು. ಉರುಳೆಯದು 4,000 ಮೀಟರ್: ಎರಡು ನಿಮಿಷಕ್ಕಿಂತ ತುಸು ಹೆಚ್ಚು. ವೇಗ ಹೆಚ್ಚಿದರೆ ಜನರಿಗೆ ತಲೆಸುತ್ತು ಬರುತ್ತದೆಂದು ಆ ಅಧ್ಯಯನ ನಿಮಿಷಕ್ಕೆ ಒಂದು ಸುತ್ತನ್ನು ಮಿತಿಯಾಗಿ ಇಟ್ಟುಕೊಂಡಿತ್ತು. ನಿಮ್ಮ ಚಿತ್ರದ ಚಕ್ರಕ್ಕೆ 50 ಮೀಟರ್ ತ್ರಿಜ್ಯವಷ್ಟೇ ಇದ್ದರೆ 14 ಸೆಕೆಂಡಿಗೊಂದು ಸುತ್ತು. ಆ ಹುಲ್ಲುಹಾಸಿನ ಮೇಲೆ ಯಾರೂ ನೆಮ್ಮದಿಯಾಗಿ ಕೂರಲಾರರು. ಮರಗಳನ್ನೂ ನೋಡಿ: ಎಲ್ಲ ಮರಗಳ ತುದಿ ನಡುವಿನ ಅಕ್ಷದ ಕಡೆಗೇ ಇರಬೇಕು. ಟೋರಸ್ ಕೊಳವೆಯ ಅಗಲ 130 ಮೀಟರ್, ಆದ್ದರಿಂದ ಒಳಗೆ ನಿಂತವನಿಗೆ ಮುಂದೆ ಸುಮಾರು 1 ಕಿ.ಮೀ. ನೆಲವಷ್ಟೇ ಕಾಣುತ್ತದೆ, ಆಮೇಲೆ ಛಾವಣಿ ಅಡ್ಡ ಬರುತ್ತದೆ.

ಲೆಕ್ಕ ಮುಗಿದ ಮೇಲೆ ಈ ಚಿತ್ರಗಳ ನಿಜವಾದ ಪ್ರಶ್ನೆಗೆ ಬನ್ನಿ: ಇವನ್ನು ಯಾರಿಗಾಗಿ ಬಿಡಿಸಲಾಯಿತು? 1973ರ ತೈಲ ಬಿಕ್ಕಟ್ಟಿನ ಬೆನ್ನಿಗೇ, ಭೂಮಿ ಸಾಕಾಗದು ಎಂಬ ಭಯ ಹರಡಿದ್ದ ಅಮೆರಿಕದ ಜನರಿಗೆ, ತೆರಿಗೆಯ ಹಣ ಕೊಡಬೇಕಾದವರಿಗೆ. ಹಾಗಾಗಿಯೇ ಹೊಳೆ, ಹಸಿರು, ಮೆಟ್ಟಿಲು ಮೆಟ್ಟಿಲಾದ ಮನೆಗಳು, ನಿರಾಳವಾಗಿ ಕುಳಿತ ಜನ. ಯಂತ್ರ ಇರುವುದೆಲ್ಲ ಹೊರದೃಶ್ಯದಲ್ಲಿ. ಒಳದೃಶ್ಯದಲ್ಲಿ ಯಂತ್ರ ಮರೆಯಾಗಿ ಕ್ಯಾಲಿಫೋರ್ನಿಯಾದ ಬಡಾವಣೆಯೊಂದು ಬಂದು ಕೂತಿದೆ. ಏನು ಕಾಣುತ್ತಿಲ್ಲ ಎಂದು ಪಟ್ಟಿ ಮಾಡಿ: ಕಸ, ರಿಪೇರಿ, ಸ್ಮಶಾನ, ದುಡಿಮೆ. ಒಳದೃಶ್ಯಗಳಲ್ಲಿ ಇವುಗಳ ಸುಳಿವು ಸಿಗುವುದು ಅಪರೂಪ.

ಬರೆಯುವುದು

ಮೂರು ಮಾತಿನಲ್ಲಿ ಹಿಡಿದಿಡಿ: ಏನು ಕಾಣುತ್ತದೆ, ಅದರಲ್ಲಿ ಎಷ್ಟು ಸಾಧ್ಯ, ಉಳಿದದ್ದು ಯಾಕೆ ಹಾಗಿದೆ. ಮಾದರಿಗೆ: "ಹಿಮ ಹೊದ್ದ ಬಂಡೆಗಳ ನಡುವೆ, ನೀಲಿ ಆಕಾಶದಲ್ಲಿ ಶನಿ ನಿಂತಿದೆ. ಬಳೆಗಳ ಓರೆ ಖಗೋಳದ ಲೆಕ್ಕಕ್ಕೆ ಸರಿ. ಆಕಾಶದ ಬಣ್ಣ 1944ರ ತಿಳಿವಳಿಕೆಗೆ ಸರಿ, ಇಂದಿನದಕ್ಕೆ ಅಲ್ಲ. ಬಂಡೆಗಳನ್ನು ಭೂಮಿಯ ಪರ್ವತದಂತೆ ಬಿಡಿಸಿ, ಅಲ್ಲಿ ನಡೆದು ಹೋಗಬಹುದು ಎಂಬ ನಂಬಿಕೆಯನ್ನು ಚಿತ್ರ ಹುಟ್ಟಿಸುತ್ತದೆ." ತಡೆದಿಟ್ಟ ಒಂಟಿತನದ ಮಾತನ್ನು ಈಗ ತೆಗೆದು ನೋಡಿ. ಟೈಟಾನ್ ಚಿತ್ರಕ್ಕೆ ಅದು ಹೊಂದುವುದಿಲ್ಲ, ಅಲ್ಲಿರುವುದು ಆಹ್ವಾನ.

ಎಐ ತಯಾರಿಸಿದ ಚಿತ್ರವಾದರೆ ಬೆಳಕಿನ ಪರೀಕ್ಷೆಯಲ್ಲೇ ಹೆಚ್ಚಾಗಿ ಗೊತ್ತಾಗುತ್ತದೆ. ಎರಡು ಚಂದ್ರರು ಎರಡು ಬೇರೆ ದಿಕ್ಕಿನಿಂದ ಬೆಳಗಿರುತ್ತವೆ. ಅಂಥದ್ದರಲ್ಲಿ ಪ್ರತಿ ವಿವರಕ್ಕೂ ಉದ್ದೇಶ ಹುಡುಕುತ್ತ ಹೋಗಬೇಡಿ. ಏಮ್ಸ್ ಚಿತ್ರಗಳ ದೊಡ್ಡ ಪ್ರತಿಗಳು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ಉರುಳೆಯ ಒಳದೃಶ್ಯದಿಂದ ಶುರುಮಾಡಿದರೆ ಕಿಟಕಿಯ ಪಟ್ಟಿ, ಮರಗಳ ಓರೆ, ಮೋಡಗಳ ಜಾಗ ಮೂರನ್ನೂ ಒಂದೇ ಕೂರಿಕೆಯಲ್ಲಿ ಅಳೆಯಬಹುದು.